ಆವಣಿ ಬೆಟ್ಟ ಬರೆದಷ್ಟೂ ಕ್ಯಾಲೆಂಡರ್ ಆಗುತ್ತಿದೆ, ಏನು ಮಾಡಲಿ?

ಮುಳಬಾಗಿಲ ಕುಂಚ · ಭಾನುವಾರ, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಈ ಗುಂಪಿನಲ್ಲಿ ನಾನು ಓದುವುದೇ ಜಾಸ್ತಿ, ಬರೆಯುವುದು ಇದೇ ಮೊದಲು. ಊರು ಕೋಲಾರ ಜಿಲ್ಲೆ ಮುಳಬಾಗಿಲು ತಾಲ್ಲೂಕಿನ ಆವಣಿ ಪಕ್ಕದ ಒಂದು ಹಳ್ಳಿ. ಬೆಳಗ್ಗೆ, ಸಂಜೆ ಹಾಲಿನ ಡೈರಿಯಲ್ಲಿ ಲೆಕ್ಕ ಬರೆಯುತ್ತೇನೆ. ನಡುವೆ ಸಿಕ್ಕ ಹೊತ್ತಿನಲ್ಲಿ ಜಲವರ್ಣದ ಹುಚ್ಚು. ಕಲಾಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಹೈಸ್ಕೂಲಿನಲ್ಲಿದ್ದಾಗ ಲೋಯರ್, ಹೈಯರ್ ಡ್ರಾಯಿಂಗ್ ಪರೀಕ್ಷೆ ಪಾಸು ಮಾಡಿದ್ದೆ. ಅಷ್ಟೇ ಬಂಡವಾಳ.

ಮೂರು ವರ್ಷದಿಂದ ಆವಣಿ ಬೆಟ್ಟವನ್ನೇ ಬರೆಯುತ್ತಿದ್ದೇನೆ. ನೋಡದವರಿಗಾಗಿ ಒಂದು ಮಾತು: ಕೆಳಗೆ ರಾಮಲಿಂಗೇಶ್ವರ ಗುಡಿಗಳಿವೆ, ಹಿಂದೆ ಈ ಸೀಮೆ ಆಳಿದ ನೊಳಂಬ ಅರಸರ ಕಾಲದವು. ರಾಮ, ಲಕ್ಷ್ಮಣ, ಭರತ, ಶತ್ರುಘ್ನ ಒಬ್ಬೊಬ್ಬರ ಹೆಸರಿನಲ್ಲೂ ಒಂದೊಂದು ಲಿಂಗ. ಬೆಟ್ಟದ ಮೇಲೆ ಸೀತಮ್ಮನ ಗುಡಿ. ಲವ ಕುಶ ಹುಟ್ಟಿದ್ದು ಇಲ್ಲೇ ಎಂದು ನಮ್ಮ ಕಡೆ ನಂಬಿಕೆ. ಶಿವರಾತ್ರಿ ಹೊತ್ತಿಗೆ ತೇರು, ದೊಡ್ಡ ದನಗಳ ಜಾತ್ರೆ.

ಈ ಹಳೆಯದೆಲ್ಲ ಚಿತ್ರದಲ್ಲಿ ಬರಬೇಕು ಎಂದು ನನ್ನ ಆಸೆ. ನೋಡಿದವರಿಗೆ ಇದು ಸಾವಿರ ವರ್ಷದ ಜಾಗ ಅನ್ನಿಸಬೇಕು. ಅದಕ್ಕೇ ಗುಡಿ ಇಡುತ್ತೇನೆ. ಮುರಿದ ಕಂಬ ಇಡುತ್ತೇನೆ. ಮುಂದೆ ಒಂದು ವೀರಗಲ್ಲು, ಪಕ್ಕಕ್ಕೆ ಬಾಗಿದ ಹುಣಸೆ ಮರ, ಹಿಂದೆ ಬೆಟ್ಟ, ಮೇಲೆ ಕೆಂಪು ಸಂಜೆ. ಎಲ್ಲ ಇದೆ. ಆದರೂ ಏನೋ ಇಲ್ಲ.

ಕಳೆದ ವಾರ ಅವ್ವನಿಗೆ ತೋರಿಸಿದೆ. "ಚೆನ್ನಾಗೈತೆ ಕಣಪ್ಪ, ಅಂಗಡಿಯೋರು ಕೊಡೋ ಕ್ಯಾಲೆಂಡರ್ ಇದ್ದಂಗೈತೆ" ಅಂದಳು. ಹೊಗಳಬೇಕೆಂದೇ ಹೇಳಿದ್ದು, ಪಾಪ. ಆಮೇಲೆ ಇನ್ನೊಂದು ಸಲ ನೋಡಿ "ಇದು ಯಾವೂರು?" ಎಂದು ಕೇಳಿದಳು. ಅರವತ್ತು ವರ್ಷ ಆ ಬೆಟ್ಟದ ಬುಡದಲ್ಲೇ ಬದುಕಿದವಳು!

ರಾತ್ರಿ ಊಟ ಸೇರಲಿಲ್ಲ. ಮೂರು ಚಿತ್ರದ ಫೋಟೋ ಹಾಕಿದ್ದೇನೆ. ಬಲ್ಲವರು ನೋಡಿ ಹೇಳಿ. ಮುಲಾಜು ಬೇಡ.

ಗುಡಿಬಂಡೆ ಹುಡುಗ · ಭಾನುವಾರ, ರಾತ್ರಿ 10.05

ಅಣ್ಣ, ಚಿತ್ರ ಸೂಪರ್. ಎರಡನೆಯದರಲ್ಲಿ ಆಕಾಶ ಮಸ್ತ್ ಬಂದಿದೆ. ಆದರೆ ಎಡಗಡೆ ಕರೆಂಟ್ ಕಂಬ ಯಾಕೆ ಇಟ್ಟಿರಿ? ಹಳೆ ಕಾಲದ ಫೀಲ್ ಅಲ್ಲೇ ಹೋಯಿತು. ನಾನಾಗಿದ್ದರೆ ಕಂಬ, ವೈರು, ಟವರ್ ಎಲ್ಲ ತೆಗೆದು ಬಿಡುತ್ತಿದ್ದೆ.

ಇನ್ನೊಂದು ಮಾತು. ಕ್ಯಾಲೆಂಡರ್ ಥರ ಇದ್ದರೆ ತಪ್ಪೇನು? ಮಾರಾಟ ಆಗುವುದು ಅದೇ. ಜನವರಿಯಲ್ಲಿ ಬೆಂಗಳೂರಿನ ಚಿತ್ರಸಂತೆಗೆ ಹೋಗಿದ್ದೆ. ನಮ್ಮ ಗುಡಿಬಂಡೆ ಕೋಟೆ, ಕೆಳಗೆ ಅಮಾನಿ ಭೈರಸಾಗರ ಕೆರೆ, ಮೇಲೆ ಕಿತ್ತಳೆ ಬಣ್ಣದ ಸೂರ್ಯ, ಇಂಥದ್ದೇ ನಾಲ್ಕು ಹೋದವು. ಕಷ್ಟಪಟ್ಟು ಬರೆದ ಮಳೆ ಚಿತ್ರವನ್ನು ಒಬ್ಬರೂ ಮುಟ್ಟಲಿಲ್ಲ.

ತಪ್ಪಲಿನ ಡ್ರಾಯಿಂಗ್ ಮೇಷ್ಟ್ರು · ಸೋಮವಾರ, ಬೆಳಗ್ಗೆ 6.15

ನಿವೃತ್ತ ಚಿತ್ರಕಲಾ ಶಿಕ್ಷಕ, ನಂದಿ ಬೆಟ್ಟದ ತಪ್ಪಲಿನವನು. ಮುಲಾಜು ಬೇಡ ಎಂದಿದ್ದೀರಿ, ಹಾಗಾದರೆ ಕೇಳಿ.

ನಿಮ್ಮ ಕೈ ಚೆನ್ನಾಗಿದೆ. ವಾಷ್, ಅಂದರೆ ನೀರಾದ ಬಣ್ಣದ ತೆಳು ಲೇಪ, ಕಲೆ ಕಟ್ಟದೆ ಇಳಿದಿದೆ, ಇದು ಎಲ್ಲರಿಗೂ ಬರುವುದಿಲ್ಲ. ಆದರೆ ನಿಮ್ಮ ಕಣ್ಣು ಇನ್ನೂ ಡ್ರಾಯಿಂಗ್ ಪರೀಕ್ಷೆಯ ಕೋಣೆಯಲ್ಲೇ ಕೂತಿದೆ. ತಪ್ಪು ನಿಮ್ಮದಲ್ಲ, ನನ್ನಂಥವರದು. ಮೂವತ್ತು ವರ್ಷ ಮಕ್ಕಳಿಗೆ ನಾನೇ ಕಲಿಸಿದ್ದೇನೆ: ಎರಡು ಬೆಟ್ಟ, ನಡುವೆ ಸೂರ್ಯ, ಅಲ್ಲಿಂದ ಒಂದು ಹೊಳೆ, ದಡದಲ್ಲಿ ತೆಂಗಿನ ಮರ, ಒಂದು ಗುಡಿಸಲು. ಚಿಕ್ಕಬಳ್ಳಾಪುರದ ಮಕ್ಕಳು ಅದನ್ನು ನೂರು ಸಲ ಬರೆದಿವೆ. ನಮ್ಮ ಸೀಮೆಯಲ್ಲಿ ವರ್ಷಪೂರ್ತಿ ಹರಿಯುವ ಹೊಳೆ ಎಲ್ಲಿದೆ ಸ್ವಾಮಿ? ಪಾಲಾರ್, ಪೆನ್ನಾರ್, ಅರ್ಕಾವತಿ ಎಲ್ಲ ಇಲ್ಲೇ ಹುಟ್ಟುತ್ತವೆ ಎಂದು ಹೆಮ್ಮೆಪಡುತ್ತೇವೆ. ಹುಟ್ಟಿ ಬೇರೆ ಕಡೆ ಹೋಗುತ್ತವೆ. ನಮಗೆ ಉಳಿಯುವುದು ಒಣ ಮರಳು. ಒಂದು ಮಗು ಕೂಡ ಎದ್ದು ನಿಂತು "ಸಾರ್, ಹೊಳೆ ಎಲ್ಲಿ?" ಎಂದು ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ.

ಈಗ ಬಣ್ಣ. ನಿಮ್ಮ ಬೆಟ್ಟ ಕಂದು. ಆವಣಿ ಬೆಟ್ಟ ಕಂದಲ್ಲ. ಬೆಳಗ್ಗೆ ಏಳು ಗಂಟೆಗೆ ಅದು ಬೂದಿ, ಮಧ್ಯಾಹ್ನ ಬಿಳಿಚು, ಮಳೆ ಬಂದ ಮಾರನೇ ದಿನ ಎಮ್ಮೆ ಬೆನ್ನಿನ ಬಣ್ಣ. ಬಂಡೆ ಮೇಲಿಂದ ಕೆಳಕ್ಕೆ ಕಪ್ಪು ಗೆರೆಗಳು ಇಳಿದಿರುತ್ತವಲ್ಲ, ನೋಡಿದ್ದೀರಾ? ಮಳೆ ನೀರು ಪ್ರತಿ ವರ್ಷ ಅದೇ ದಾರಿಯಲ್ಲಿ ಇಳಿದು, ಪಾಚಿ ಕಟ್ಟಿ, ಒಣಗಿ ಆದ ಗೆರೆ ಅವು. ನಿಮ್ಮ ಮೂರು ಚಿತ್ರದಲ್ಲೂ ಒಂದೇ ಒಂದು ಗೆರೆ ಇಲ್ಲ. ಮೊದಲು ಟ್ಯೂಬಿನ ಕಪ್ಪು ಎತ್ತಿಡಿ. ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣಕ್ಕೆ ಅಲ್ಟ್ರಾಮರೀನ್ ನೀಲಿ ಬೆರೆಸಿ. ನೀಲಿ ಜಾಸ್ತಿಯಾದರೆ ನೆರಳಿನ ಬಂಡೆ, ಸಿಯೆನ್ನಾ ಜಾಸ್ತಿಯಾದರೆ ಬಿಸಿಲಿನ ಬಂಡೆ. ಮಣ್ಣಿಗೆ ಬೇರೆ ಕೆಂಪು ಹುಡುಕಬೇಡಿ. ಮನೆ ಗೋಡೆಯ ಬುಡಕ್ಕೆ ಜಾಜು ಬಳಿಯುತ್ತಿದ್ದರಲ್ಲ, ಆ ಕೆಂಪನ್ನು ನೆನಪು ಮಾಡಿಕೊಳ್ಳಿ.

ಕರೆಂಟ್ ಕಂಬದ ವಿಚಾರ ಆಮೇಲೆ ಮಾತಾಡೋಣ. ತಿಂಡಿಗೆ ಕರೆಯುತ್ತಿದ್ದಾರೆ.

ಶಾಸನ ಓದುಗ · ಸೋಮವಾರ, ಬೆಳಗ್ಗೆ 11.30

ಮೇಷ್ಟ್ರು ಪರೀಕ್ಷೆಯ ಕೋಣೆ ಎಂದರು. ಆ ಕೋಣೆಗೂ ಒಂದು ಇತಿಹಾಸ ಇದೆ, ಅದನ್ನು ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

1791ರ ಅಕ್ಟೋಬರ್ 19ರಂದು ಇಂಗ್ಲಿಷರ ಕಾರ್ನ್‌ವಾಲಿಸನ ಸೇನೆ ಟಿಪ್ಪುವಿನಿಂದ ನಂದಿದುರ್ಗವನ್ನು ಕಿತ್ತುಕೊಂಡಿತು. ಆ ಯುದ್ಧದ ಕಾಲದಲ್ಲಿ ಸೇನೆಯ ಜೊತೆ ಚಿತ್ರ ಬರೆಯುವವರೂ ಓಡಾಡಿದರು. ರಾಬರ್ಟ್ ಹೋಮ್ ವೃತ್ತಿ ಚಿತ್ರಕಾರ. ಕೋಲ್‌ಬ್ರೂಕ್ ಸರ್ವೆಯವನು. ಅಲೆಕ್ಸಾಂಡರ್ ಅಲನ್, ಜೇಮ್ಸ್ ಹಂಟರ್ ಸೇನಾಧಿಕಾರಿಗಳು. 1792ರಲ್ಲಿ ಚಿತ್ರಕಾರ ಥಾಮಸ್ ಡೇನಿಯಲ್ ಮತ್ತು ಅವನ ಸೋದರನ ಮಗ ವಿಲಿಯಂ ಕೂಡ ಈ ದಾರಿಯಲ್ಲಿ ಬಂದರು. ನಮ್ಮ ದುರ್ಗಗಳು, ಬಂಡೆಗಳು, ಗುಡಿಗಳು 1794ರ ಹೊತ್ತಿಗೆ ಲಂಡನ್ನಿನಲ್ಲಿ ಅಚ್ಚಾಗಿ ಸಾಹೇಬರ ಮನೆ ಮೇಜಿನ ಮೇಲೆ ಬಂದವು.

ಆ ಚಿತ್ರಗಳನ್ನು ನಾನು ಬೈಯುವುದಿಲ್ಲ. ಕೆಲವು ತುಂಬ ಚೆನ್ನಾಗಿವೆ. ಆದರೆ ಅವುಗಳ ಜೋಡಣೆ ಗಮನಿಸಿ. ಮುಂದೆ ನೆರಳಿನಲ್ಲಿ ಒಂದು ಬಾಗಿದ ಮರ. ನಡುವೆ ಪಾಳು ಗುಡಿಯೋ ಮಂಟಪವೋ. ಅದರ ಪಕ್ಕ ಅಳತೆಗೆ ಎಂಬಂತೆ ಇಬ್ಬರು ಸಣ್ಣ ಮನುಷ್ಯರು. ಹಿಂದೆ ಮಂಜಿನಲ್ಲಿ ಬೆಟ್ಟ. ಇದು ಆಗಿನ ಇಂಗ್ಲೆಂಡಿನಲ್ಲಿ ಚಾಲ್ತಿಯಲ್ಲಿದ್ದ ಅಡುಗೆ ಲೆಕ್ಕ. ಸಾಮಾನು ನಮ್ಮ ಊರಿನದು, ಸಾರು ಅವರದು. ದುರ್ಗವನ್ನು ನೋಡುವ ಕಣ್ಣು ಕೂಡ ಹತ್ತಿ ಗೆಲ್ಲಬೇಕಾದವರ ಕಣ್ಣು. ಸ್ವಲ್ಪ ಎತ್ತರ ಜಾಸ್ತಿ ಮಾಡಿ ಬರೆದರೆ ಗೆದ್ದವರಿಗೆ ಲಾಭ, ಅಲ್ವಾ?

ಈಗ ಕುಂಚದವರ ಮೊದಲನೇ ಚಿತ್ರ ನೋಡಿ. ಬಾಗಿದ ಹುಣಸೆ. ಪಾಳು ಕಂಬ. ಬೆಟ್ಟ. ಇನ್ನೂರ ಮೂವತ್ತು ವರ್ಷ ಆದರೂ ನಾವು ಆವಣಿಯನ್ನು ಕ್ಯಾಂಪ್ ಡೇರೆಯಿಂದಲೇ ನೋಡುತ್ತಿದ್ದೇವೆ. ಅವ್ವ ಯಾವೂರು ಎಂದು ಕೇಳಿದ್ದು ಸರಿಯಾಗಿಯೇ ಇದೆ.

ಮುಳಬಾಗಿಲ ಕುಂಚ · ಸೋಮವಾರ, ಮಧ್ಯಾಹ್ನ 1.10

ಇದನ್ನು ಓದಿ ಸುಮ್ನೆ ಕೂತುಬಿಟ್ಟೆ. ಹುಣಸೆ ಮರ ಅಲ್ಲಿ ಇಲ್ಲವೇ ಇಲ್ಲ. ನಾನು ಯಾಕೆ ಹಾಕಿದೆ ಎಂದು ನನಗೇ ಗೊತ್ತಿಲ್ಲ. "ಆ ಮೂಲೆ ಖಾಲಿ ಕಾಣುತ್ತದೆ" ಅನ್ನಿಸಿತ್ತು. ವೀರಗಲ್ಲು ಕೂಡ ಅಲ್ಲಿಂದ ಎರಡು ಕಿಲೋಮೀಟರ್ ಆಚೆಯದು, ನಾನೇ ತಂದು ನಿಲ್ಲಿಸಿದ್ದು.

ಸೈನೈಡ್ ದಿಬ್ಬದ ಹುಡುಗಿ · ಸೋಮವಾರ, ಸಂಜೆ 7.20

ಕೆಜಿಎಫ್‌ನಿಂದ. ನಾನೂ ಬರೆಯುತ್ತೇನೆ, ಆಯಿಲ್ ಪೇಂಟ್.

ನಮ್ಮ ಊರಿನಲ್ಲಿ ಗುಡಿ ಗೋಪುರಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ದಿಬ್ಬಗಳು. ಗಣಿಯಿಂದ ತೆಗೆದ ಕಲ್ಲನ್ನು ಅರೆದು, ಸೈನೈಡ್ ಹಾಕಿ ಚಿನ್ನ ತೆಗೆದು, ಉಳಿದ ಪುಡಿಯನ್ನು ರಾಶಿ ಹಾಕಿದರು. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದಲ್ಲಿಂದ 2001ರಲ್ಲಿ ಗಣಿ ಮುಚ್ಚುವವರೆಗೆ ಬೆಳೆದ ರಾಶಿ. ಮಳೆ ಬಿದ್ದು ಅವುಗಳ ಮೈ ತುಂಬ ಸೀಳು. ಹಳದಿ, ಬೂದಿ, ಬಿಳಿ, ಕೆಲವು ಕಡೆ ಗುಲಾಬಿ. ಬಿಸಿಲಿನ ಕಾಲದಲ್ಲಿ ಗಾಳಿ ಎದ್ದರೆ ಮನೆ ಒಳಗೂ ಆ ಪುಡಿ. ನನ್ನ ಪ್ಯಾಲೆಟ್ ಮೇಲೂ ಕೂರುತ್ತದೆ, ಹಾಗಾಗಿ ಬೇಡ ಎಂದರೂ ಚಿತ್ರದಲ್ಲಿ ಊರು ಸೇರಿಬಿಡುತ್ತದೆ.

ಒಂದು ಸಲ ಒಂದು ರೆಸಾರ್ಟಿನವರು ಕೋಲಾರ ಜಿಲ್ಲೆಯ ನಿಸರ್ಗ ಚಿತ್ರ ಬೇಕು ಎಂದರು. ದಿಬ್ಬ ಬರೆದು ಕೊಟ್ಟೆ. "ಇದರಲ್ಲಿ ನಿಸರ್ಗ ಎಲ್ಲಿದೆ ಮೇಡಂ, ಎರಡು ನವಿಲು ಹಾಕಿ" ಎಂದರು. ಹಾಕಲಿಲ್ಲ. ಅಡ್ವಾನ್ಸ್ ವಾಪಸ್ ತೆಗೆದುಕೊಂಡರು.

ಕೇಳಬೇಕಾದ್ದು ಇದು: ಹಳೆಯದು ಎಂದರೆ ಎಷ್ಟು ಹಳೆಯದು? ನೊಳಂಬರ ಗುಡಿ ಇತಿಹಾಸ, ನಮ್ಮ ತಾತಂದಿರು ಮೂರು ಕಿಲೋಮೀಟರ್ ಕೆಳಗಿಳಿದು ತೋಡಿ ತಂದ ಕಲ್ಲಿನ ರಾಶಿ ಇತಿಹಾಸ ಅಲ್ಲವೇ?

ತಿಪಟೂರು ಕೊಬ್ಬರಿ · ಸೋಮವಾರ, ರಾತ್ರಿ 9.00

ಅಕ್ಕನ ಪ್ರಶ್ನೆಗೆ ನಾನು ಇನ್ನೊಂದು ತುದಿಯಿಂದ ಬರುತ್ತೇನೆ. ನಮ್ಮ ತಾಲ್ಲೂಕಿನಲ್ಲಿ ಕಿಬ್ಬನಹಳ್ಳಿ ಇದೆ. ಅಲ್ಲಿ ಹಳೆ ಶಿಲಾಯುಗದ ಕಲ್ಲಿನ ಕೊಡಲಿಗಳು ಸಿಕ್ಕಿವೆ. ಗುಡಿ ಇಲ್ಲ, ಕೋಟೆ ಇಲ್ಲ, ಬೋರ್ಡೂ ಕಾಣುವುದಿಲ್ಲ. ಒಂದು ಗುಡ್ಡ, ಕುರುಚಲು, ಜಲ್ಲಿ. ನಮ್ಮ ಜಿಲ್ಲೆಯಲ್ಲಿ ಎಲ್ಲಕ್ಕಿಂತ ಹಳೆಯ ಜಾಗದಲ್ಲಿ ನೋಡುವುದಕ್ಕೆ ಏನೂ ಇಲ್ಲ! ಬಣ್ಣದ ಪೆಟ್ಟಿಗೆ ಹಿಡಿದು ಹೋದೆ, ಒಂದು ಗಂಟೆ ಕೂತೆ. ಕುರಿ ಕಾಯುವವನು ಬಂದು "ಏನ್ ಸಾಮಿ, ಸೈಟ್ ನೋಡೋಕೆ ಬಂದ್ರಾ?" ಎಂದ.

ಆಮೇಲೆ ಆ ಜಲ್ಲಿಯನ್ನೇ ಬರೆದೆ. ಕಾಗದದ ಮುಕ್ಕಾಲು ಭಾಗ ನೆಲ, ಮೇಲೆ ಒಂದು ಬೆರಳು ಆಕಾಶ. ಚೆನ್ನಾಗಿ ಬಂತೆಂದು ಹೇಳುವುದಿಲ್ಲ, ಆದರೆ ನನ್ನ ಚಿತ್ರಗಳಲ್ಲಿ ಸುಳ್ಳು ಇಲ್ಲದ್ದು ಅದೊಂದೇ.

ತೆಂಗಿನ ತೋಟದ ಹಸಿರು ಹೇಗೆ ಬರೆಯುವುದು, ಯಾರಾದರೂ ಹೇಳಿಕೊಡಿ ಮಾರಾಯ್ರೆ. ಎಷ್ಟು ಮಾಡಿದರೂ ಪ್ಲಾಸ್ಟಿಕ್ ಹಾರ ಆಗುತ್ತದೆ. ಕೈದಾಳದ ಚೆನ್ನಕೇಶವ ಗುಡಿ ಬರೆಯಲು ಹೋದರೂ, ಅರಳಗುಪ್ಪೆಗೆ ಹೋದರೂ ಆ ಹಸಿರು ಬಂದು ಗುಡಿಯನ್ನು ನುಂಗುತ್ತದೆ.

ಗುಡಿಬಂಡೆ ಹುಡುಗ · ಸೋಮವಾರ, ರಾತ್ರಿ 9.25

ಕೈದಾಳ ಅಂದರೆ ಜಕಣಾಚಾರಿ ಕೈ ಕಡಿದುಕೊಂಡ ಊರು ಅಲ್ವಾ? ಅದನ್ನೇ ಬರೆಯಿರಿ ಸಾರ್, ಕಥೆ ಇರುತ್ತದೆ.

ಶಾಸನ ಓದುಗ · ಸೋಮವಾರ, ರಾತ್ರಿ 9.50

ಕಥೆ ಚೆನ್ನಾಗಿದೆ, ನಮ್ಮಜ್ಜಿ ಹೇಳುವಾಗ ನಾನೂ ಅತ್ತಿದ್ದೇನೆ. ಆದರೆ ಶಾಸನ ಹೇಳುವುದು ಬೇರೆ: ಹೊಯ್ಸಳ ಒಂದನೇ ನರಸಿಂಹನ ಕಾಲದಲ್ಲಿ, ಸುಮಾರು 1150ರಲ್ಲಿ, ಗೂಳಿಬಾಚಿ ಎಂಬ ಸಾಮಂತ ಕಟ್ಟಿಸಿದ ಗುಡಿ. ಊರಿನ ಹಳೆ ಹೆಸರು ಕ್ರೀಡಾಪುರ. ಚಿತ್ರಕಾರರು ಯಾವುದನ್ನು ಬೇಕಾದರೂ ತೆಗೆದುಕೊಳ್ಳಲಿ, ಎರಡನ್ನೂ ಕಲಸಬೇಡಿ ಅಷ್ಟೇ.

ತಪ್ಪಲಿನ ಡ್ರಾಯಿಂಗ್ ಮೇಷ್ಟ್ರು · ಮಂಗಳವಾರ, ಬೆಳಗ್ಗೆ 6.30

ತಿಪಟೂರಿನವರೇ, ಟ್ಯೂಬಿನ ಹಸಿರು ಮುಟ್ಟಬೇಡಿ. ಹಳದಿ ಓಕರ್‌ಗೆ ನೀಲಿ ಹಾಕಿ, ಮೇಲೆ ಒಂದು ತೊಟ್ಟು ಕೆಂಪು. ತೆಂಗಿನ ಗರಿ ಬಿಸಿಲಿನಲ್ಲಿ ಹಸಿರಲ್ಲ, ಮುಕ್ಕಾಲು ಬಿಳಿ. ಅಲ್ಲಿ ಕಾಗದವನ್ನು ಹಾಗೇ ಬಿಡಿ.

ಈಗ ಕರೆಂಟ್ ಕಂಬ. ಗುಡಿಬಂಡೆಯ ತಮ್ಮ ತೆಗೆದುಬಿಡಿ ಎನ್ನುತ್ತಾನೆ. ನನ್ನದು ಬೇರೆ ಅಭಿಪ್ರಾಯ. ಕಾರಣ ಹೇಳುತ್ತೇನೆ.

ನಮ್ಮ ಊರಿನ ಪೂರ್ವಕ್ಕೆ ಒಂದು ಗುಟ್ಟೆ ಇತ್ತು. ದೊಡ್ಡದೇನಲ್ಲ. ನೆತ್ತಿಯ ಮೇಲೆ ಒಂದರ ಮೇಲೊಂದು ಎರಡು ಗುಂಡು, ನಡುವೆ ಒಂದು ಆಲದ ಸಸಿ. ಹೆಸರೂ ಇಲ್ಲದ ಗುಟ್ಟೆ. ಹತ್ತು ವರ್ಷದಲ್ಲಿ ಅದನ್ನು ಇಪ್ಪತ್ತು ಸಲ ಬರೆದಿದ್ದೇನೆ. ಬುಡದಲ್ಲಿ ಒಂದು ಕಲ್ಲು ಕ್ವಾರಿ ಶುರುವಾಯಿತು. ನಾನು ಕ್ವಾರಿಯನ್ನು ಬಿಟ್ಟು ಬರೆದೆ. ಚೆಂದ ಕೆಡುತ್ತದೆ ಎಂದು. ಮುಂದಿನ ವರ್ಷ ಬಿಳಿ ಗಾಯ ಅರ್ಧದವರೆಗೆ ಬಂತು. ಆಗಲೂ ಬಿಟ್ಟೆ. ಈಗ ಗುಟ್ಟೆ ಇಲ್ಲ. ಆ ಜಾಗದಲ್ಲಿ ನೀರು ತುಂಬಿದ ಹೊಂಡ. ನನ್ನ ಇಪ್ಪತ್ತು ಚಿತ್ರ ಸಾಲಾಗಿ ಇಟ್ಟು ನೋಡಿದರೆ ಅದು ಹೇಗೆ ಹೋಯಿತು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಚೆನ್ನಾಗಿದ್ದ ಗುಟ್ಟೆ ಇದ್ದಕ್ಕಿದ್ದಂತೆ ಮಾಯವಾದ ಹಾಗೆ ಇದೆ. ಕಣ್ಣಾರೆ ಕಂಡವನು ನಾನು, ಕೈಯಲ್ಲಿ ಕುಂಚ ಇತ್ತು, ಆದರೂ ಸುಳ್ಳು ಸಾಕ್ಷಿ ಹೇಳಿದೆ.

ಕಂಬ ಇಡಿ ಎಂದು ಹಟ ಮಾಡುತ್ತಿಲ್ಲ. ಆದರೆ ತೆಗೆಯುವಾಗ ಯಾಕೆ ತೆಗೆಯುತ್ತಿದ್ದೇನೆ ಎಂದು ಒಂದು ಸಲ ಕೇಳಿಕೊಳ್ಳಿ.

ಸೈನೈಡ್ ದಿಬ್ಬದ ಹುಡುಗಿ · ಮಂಗಳವಾರ, ಬೆಳಗ್ಗೆ 8.45

ಮೇಷ್ಟ್ರೇ, ಆ ಇಪ್ಪತ್ತನ್ನೂ ಎಲ್ಲಾದರೂ ಒಟ್ಟಿಗೆ ನೇತುಹಾಕಿ. ಕೊನೆಗೆ ಹೊಂಡವನ್ನೂ ಬರೆದು ಸೇರಿಸಿ.

ತಪ್ಪಲಿನ ಡ್ರಾಯಿಂಗ್ ಮೇಷ್ಟ್ರು · ಮಂಗಳವಾರ, ಬೆಳಗ್ಗೆ 9.00

ಹೊಂಡ ಬರೆಯಲು ಎರಡು ಸಲ ಹೋಗಿದ್ದೇನಮ್ಮ. ಪೆಟ್ಟಿಗೆ ತೆಗೆಯಲಿಲ್ಲ.

ಪಾವಗಡ ಬಿಸಿಲು · ಮಂಗಳವಾರ, ಮಧ್ಯಾಹ್ನ 2.30

ನಿಮಗೆಲ್ಲ ಒಂದು ಕಂಬದ ಚಿಂತೆ. ನಮ್ಮ ತಿರುಮಣಿ ಕಡೆ ಬನ್ನಿ, ಸುಮಾರು 13 ಸಾವಿರ ಎಕರೆ ಸೋಲಾರ್ ಹಲಗೆ. 2050 ಮೆಗಾವಾಟ್. ಶೇಂಗಾ ಹೊಲ ಇದ್ದ ಜಾಗದಲ್ಲಿ ಕರಿ ನೀಲಿ ಗಾಜು. ದೂರದಿಂದ ನೋಡಿದರೆ ಕೆರೆ ತುಂಬಿದಂತೆ ಕಾಣುತ್ತದೆ. ಮಳೆಯೇ ಇಲ್ಲದ ಪಾವಗಡದಲ್ಲಿ! ಅದರ ಹಿಂದೆ ಯಾವ ಕಾಲದಿಂದಲೋ ಹಾಗೇ ಇರುವ ಬೋಳು ಗುಡ್ಡ. ಬರೆಯುವವರಿಗೆ ಇದಕ್ಕಿಂತ ಏನು ಬೇಕು? ನಾನು ಚಿತ್ರ ಬರೆಯುವವನಲ್ಲ, ಸುಮ್ನೆ ಓದುತ್ತಿದ್ದೆ, ತಡೆಯಲಿಲ್ಲ.

ಕೆರೆ ಏರಿ · ಮಂಗಳವಾರ, ಸಂಜೆ 6.10

ಕೋಲಾರದ ಹತ್ತಿರದವನು. ನನಗೆ ಉಲ್ಟಾ ಕಷ್ಟ. ಹದಿನೈದು ವರ್ಷ ಒಣ ಕೆರೆಗಳನ್ನೇ ಬರೆದೆ. ಬಿರುಕು ಮಣ್ಣು, ಬಳ್ಳಾರಿ ಜಾಲಿ, ನಡುವೆ ಕ್ರಿಕೆಟ್ ಆಡುವ ಹುಡುಗರು. ಕೈ ಅದಕ್ಕೆ ಒಗ್ಗಿಹೋಗಿತ್ತು. 2018ರಲ್ಲಿ ಕೆ.ಸಿ. ವ್ಯಾಲಿ ನೀರು ಬಂತು, ಮೊದಲು ಲಕ್ಷ್ಮೀಸಾಗರ ಕೆರೆಗೆ, ಆಮೇಲೆ ಒಂದೊಂದೇ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಬಿಡುವ ಯೋಜನೆ. ನೀರಿನ ಬಗ್ಗೆ ಜಗಳ ಬೇಕಾದಷ್ಟಿದೆ, ಇಲ್ಲಿ ಬೇಡ. ನಾನು ಹೇಳುವುದು ಬಣ್ಣದ ಮಾತು. ಆ ನೀರು ನೀಲಿಯೂ ಅಲ್ಲ, ಮಳೆ ನೀರಿನ ಕೆಂಪೂ ಅಲ್ಲ. ಒಂದು ಥರ ಹಸಿರು. ಅದರೊಳಗೆ ಒಣಗಿ ನಿಂತ ಜಾಲಿ ಮರಗಳು, ಮೇಲೆ ನೀರು ಕಾಗೆ. ಆ ಹಸಿರನ್ನು ಹಿಡಿಯಲು ನನಗೆ ಎರಡು ವರ್ಷ ಬೇಕಾಯಿತು. ಹಳೆ ಏರಿ, ಹಳೆ ತೂಬು, ಹೊಸ ನೀರು.

ಶಾಸನ ಓದುಗ · ಮಂಗಳವಾರ, ರಾತ್ರಿ 8.40

ಕೆರೆ ಎಂದಿರಿ, ನನಗೆ ಬೇಕಾಗಿದ್ದೂ ಅದೇ. ಕುಂಚದವರೇ, ನಿಮ್ಮ ಆವಣಿಯ ಒಂದು ಶಾಸನ ಇದೆ, 10ನೇ ಶತಮಾನದ್ದು. ತ್ರಿಭುವನಕರ್ತಾರ ಎಂಬ ತಪಸ್ವಿ ಅಲ್ಲಿಯ ಸ್ಥಾನವನ್ನು, ಅಂದರೆ ಆ ಪುಣ್ಯಕ್ಷೇತ್ರವನ್ನು, ನಲವತ್ತು ವರ್ಷ ನೋಡಿಕೊಂಡ. ಐವತ್ತು ಗುಡಿ ಕಟ್ಟಿಸಿದ, ಎರಡು ದೊಡ್ಡ ಕೆರೆ ಕಟ್ಟಿಸಿದ ಎಂದು ಅದರಲ್ಲಿದೆ. ನಾವು ಗುಡಿಗಳನ್ನಷ್ಟೇ ನೋಡುತ್ತೇವೆ. ಬರೆಸಿದವರಿಗೆ ಕೆರೆಯೂ ಗುಡಿಯಷ್ಟೇ ದೊಡ್ಡ ಸಂಗತಿ.

ಇನ್ನೊಂದು ಕೆಲಸ ಮಾಡಿ. ಬಿ.ಎಲ್. ರೈಸ್ ಸಂಪಾದಿಸಿದ ಶಾಸನಗಳ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ 10ನೇ ಸಂಪುಟ ಪೂರ್ತಿ ಕೋಲಾರ ಜಿಲ್ಲೆಯದು. ಆಗ ಚಿಕ್ಕಬಳ್ಳಾಪುರವೂ ಕೋಲಾರದಲ್ಲೇ ಇತ್ತು. ತುಮಕೂರಿನವರಿಗೆ 12ನೇ ಸಂಪುಟ. ತಾಲ್ಲೂಕುವಾರು ಊರು ಊರಿನ ಹೆಸರಿದೆ. ನಿಮ್ಮ ಹಳ್ಳಿಯ ಹೆಸರು ಹುಡುಕಿ, ಯಾವ ಹೊಲದಲ್ಲಿ ಯಾವ ಕಲ್ಲು ನಿಂತಿದೆ ನೋಡಿ, ಆಮೇಲೆ ಅಲ್ಲಿಗೆ ಹೋಗಿ ಕೂತುಕೊಳ್ಳಿ. ಎರಡು ಕಿಲೋಮೀಟರ್ ಆಚೆಯ ವೀರಗಲ್ಲನ್ನು ಹೊತ್ತು ತರುವ ಕಷ್ಟ ತಪ್ಪುತ್ತದೆ. ತಮಾಷೆಗೆ ಹೇಳಿದೆ, ಬೇಜಾರು ಬೇಡ.

ತಿಪಟೂರು ಕೊಬ್ಬರಿ · ಮಂಗಳವಾರ, ರಾತ್ರಿ 10.15

ಇದೇ ಹುಚ್ಚು ಇದ್ದ ದೊಡ್ಡವರ ಕೆಲಸ ನೋಡಬೇಕೆಂದರೆ ಬೆಂಗಳೂರಿಗೆ ಒಂದು ದಿನ ಹೋಗಿ ಬನ್ನಿ ಕುಂಚದವರೇ. ಚಿತ್ರಕಲಾ ಪರಿಷತ್ತಿನಲ್ಲಿ ರೋರಿಕ್ ಗ್ಯಾಲರಿ ಇದೆ, ರಷ್ಯಾದ ಚಿತ್ರಕಾರರಾದ ತಂದೆ ಮಗನ ಚಿತ್ರಗಳದು. ತಂದೆ ನಿಕೊಲಾಯ್ ರೋರಿಕ್ ಚಿಕ್ಕ ವಯಸ್ಸಿನಲ್ಲಿ ರಷ್ಯಾದ ಹಳೆ ಸಮಾಧಿ ದಿಬ್ಬಗಳನ್ನು ಅಗೆದವನು. 1903, 1904ರಲ್ಲಿ ಹಳೆ ರಷ್ಯನ್ ಊರುಗಳನ್ನು ಸುತ್ತಿ ಕೋಟೆ, ಚರ್ಚುಗಳ ತೊಂಬತ್ತರಷ್ಟು ಚಿತ್ರ ಬರೆದ. ಆಮೇಲೆ ಹಿಮಾಲಯಕ್ಕೆ ಬಂದು ನಗ್ಗರ್‌ನಲ್ಲಿ ಉಳಿದು 1947ರಲ್ಲಿ ತೀರಿಕೊಂಡ. ಅವನ ಬೆಟ್ಟಗಳಲ್ಲಿ ವಿವರ ಕಡಿಮೆ, ಆಕಾರ ಜಾಸ್ತಿ. ಮಗ ಸ್ವೆತೊಸ್ಲಾವ್ ನಮ್ಮ ಬೆಂಗಳೂರು ಪಕ್ಕದ ತಾತಗುಣಿಯಲ್ಲಿದ್ದವರು.

ರೋರಿಕ್ ನೋಡಿ ಅದೇ ಥರ ನೇರಳೆ ಬೆಟ್ಟ ಬರೆಯಲು ಹೋಗಬೇಡಿ. ನಾನು ಹೋಗಿ ಕೆಟ್ಟಿದ್ದೇನೆ.

ತಪ್ಪಲಿನ ಡ್ರಾಯಿಂಗ್ ಮೇಷ್ಟ್ರು · ಬುಧವಾರ, ಬೆಳಗ್ಗೆ 6.20

ರೋರಿಕ್ ಸರಿ. ಅದಕ್ಕಿಂತ ಮೊದಲು ಕೆ. ವೆಂಕಟಪ್ಪನವರ ಊಟಿ ಜಲವರ್ಣ ನೋಡಿ, 1926ರ ಹೊತ್ತಿನವು. ಆ ಚಿತ್ರಗಳಲ್ಲಿ ಕಥೆ ಇಲ್ಲ, ಪುರಾಣ ಇಲ್ಲ. ಅಬನೀಂದ್ರನಾಥ ಟಾಗೋರರ ಹತ್ತಿರ ಕಲಿತು ಬಂದವರು, ಪುರಾಣ ಬೇಕಾದಷ್ಟು ಬರೆದಿದ್ದರು. ಊಟಿಗೆ ಹೋಗಿ ಮಂಜು ಬರುವುದನ್ನು, ಹೋಗುವುದನ್ನು ನೋಡುತ್ತ ಕೂತರು. ದೊಡ್ಡಬಳ್ಳಾಪುರದ ರುಮಾಲೆ ಚನ್ನಬಸವಯ್ಯನವರದು ಇನ್ನೊಂದು ದಾರಿ. 1910ರಲ್ಲಿ ಹುಟ್ಟಿದವರು, ಸ್ವಾತಂತ್ರ್ಯ ಹೋರಾಟಗಾರರು, ಹೂ ಬಿಟ್ಟ ಮರಗಳ ಮುಂದೆ ಕೂತು ಚುಕ್ಕಿ ಚುಕ್ಕಿಯಾಗಿ ಬಣ್ಣ ಇಟ್ಟವರು. ನಮ್ಮ ಪಕ್ಕದ ಊರಿನವರೇ.

ಈಗ ಕುಂಚದವರಿಗೆ ಒಂದು ಮನೆಪಾಠ. ಹಳೆ ಅಭ್ಯಾಸ, ಬಿಡುವುದಿಲ್ಲ. ಶಾಸನದವರು ಕೆರೆ ಎಂದರಲ್ಲ, ಅಲ್ಲಿಂದಲೇ ಹೊಳೆಯಿತು. ಮುಂದಿನ ಎರಡು ಭಾನುವಾರ ಗುಡಿ ಬರೆಯಬೇಡಿ. ನೀರನ್ನು ಬರೆಯಿರಿ. ನೀರು ಇಲ್ಲದಿದ್ದರೆ ನೀರಿನ ದಾರಿ ಬರೆಯಿರಿ. ಬೆಟ್ಟದ ನೆತ್ತಿಗೆ ಬಿದ್ದ ಮಳೆ ಕಪ್ಪು ಗೆರೆಯಲ್ಲಿ ಇಳಿಯುತ್ತದೆ. ಬಂಡೆಯ ದೊಣೆಯಲ್ಲಿ ನಿಲ್ಲುತ್ತದೆ. ದೊಣೆ ತುಂಬಿ ಕೆಳಗಿನ ಕಲ್ಯಾಣಿಗೆ, ಅಲ್ಲಿಂದ ಕಾಲುವೆಯಲ್ಲಿ ಕೆರೆಗೆ, ತೂಬಿನಿಂದ ಗದ್ದೆಗೆ. ಆ ದಾರಿಯಲ್ಲಿ ಒಂದೊಂದು ಕಡೆ ಕೂತು ಹತ್ತು ಹತ್ತು ನಿಮಿಷ ಇದ್ದಿಲಿನಲ್ಲಿ ಗೀಚಿ. ಬಣ್ಣ ಬೇಡ. ಬೆಟ್ಟ ತಾನಾಗಿ ಬಂದರೆ ಬರಲಿ.

ಒಂದು ಮಾತು. ರಕ್ಷಿತ ಸ್ಮಾರಕ ಇರುವ ಕಡೆ ಸ್ಟ್ಯಾಂಡ್ ಹೂಡುವ ಮೊದಲು ಕಾವಲಿನವರನ್ನು ಮಾತಾಡಿಸಿ, ಒಂದು ಟೀ ಕೊಡಿಸಿ. ನಂದಿಯ ಭೋಗನಂದೀಶ್ವರ ಗುಡಿಯಲ್ಲಿ ನನಗೆ ಅವರೇ ಈಗ ನೆರಳಿನ ಜಾಗ ಹಿಡಿದಿಡುತ್ತಾರೆ. ಕೋತಿಗಳ ಜವಾಬ್ದಾರಿ ಮಾತ್ರ ಅವರದಲ್ಲ. ಒಂದು ಇಡೀ ಟ್ಯೂಬ್ ಕೆಂಪು ತಿಂದು ನನ್ನ ಮುಖಕ್ಕೆ ಉಗುಳಿದ್ದು ಇದೆ.

ಗುಡಿಬಂಡೆ ಹುಡುಗ · ಬುಧವಾರ, ಬೆಳಗ್ಗೆ 7.40

ಹಹ್ಹಾ ಸಾರ್. ಸರಿ, ನಾನೂ ಈ ಭಾನುವಾರ ಭೈರಸಾಗರದ ಕೋಡಿ ಬರೆಯುತ್ತೇನೆ. ಸೂರ್ಯ ಇಲ್ಲದೆ. ಮಾರಾಟ ಆಗದಿದ್ದರೆ ನೀವೇ ತೆಗೆದುಕೊಳ್ಳಬೇಕು.

ಮುಳಬಾಗಿಲ ಕುಂಚ · ಎರಡು ವಾರದ ನಂತರ, ಭಾನುವಾರ, ರಾತ್ರಿ 8.15

ಎಲ್ಲರಿಗೂ ಮತ್ತೆ ನಮಸ್ಕಾರ. ತಡವಾಯಿತು. ಮೇಷ್ಟ್ರು ಹೇಳಿದ ಹಾಗೆ ಮಾಡಿದೆ. ಮೊದಲನೇ ಭಾನುವಾರ ಬೆಟ್ಟ ಹತ್ತಿದೆ. ದೊಣೆ ಹತ್ತಿರ ಕೂತೆ. ಕಾಗದ ಗಾಳಿಗೆ ಹಾರಿ ಒಂದು ಬಂಡೆ ಸಂದಿಗೆ ಬಿತ್ತು, ತೆಗೆಯಲು ಹೋಗಿ ಮೊಣಕೈ ತರಚಿತು. ಕಪ್ಪು ಗೆರೆಗಳನ್ನು ಹತ್ತಿರದಿಂದ ನೋಡಿದ್ದು ಆಗಲೇ. ಅವು ನೆಟ್ಟಗೆ ಇಳಿಯುವುದಿಲ್ಲ. ಬಂಡೆ ಸಿಪ್ಪೆ ಬಿಟ್ಟ ಕಡೆ ತಿರುಗುತ್ತವೆ, ಒಂದಕ್ಕೊಂದು ಸೇರುತ್ತವೆ. ಕೆಳಗಿಳಿಯುವಾಗ ನೀರಿನ ದಾರಿಯನ್ನೇ ಹಿಡಿದು ಬಂದೆ. ಅದು ನನ್ನನ್ನು ಗುಡಿಗೆ ಕರೆದುಕೊಂಡು ಹೋಗಲಿಲ್ಲ. ನೇರ ನಮ್ಮೂರ ಕೆರೆಗೆ ತಂದು ಬಿಟ್ಟಿತು! ಮೂವತ್ತೆಂಟು ವರ್ಷದಿಂದ ಆ ಏರಿ ಮೇಲೆ ಡೈರಿ ಕ್ಯಾನ್ ಹೊತ್ತು ಓಡಾಡಿದ್ದೇನೆ. ಈ ಕೆರೆಗೂ ಆ ಬೆಟ್ಟಕ್ಕೂ ಹೀಗೊಂದು ನಂಟಿದೆ ಎಂದು ಯೋಚಿಸಿರಲಿಲ್ಲ. ಶಾಸನದ ಎರಡು ಕೆರೆಗಳಲ್ಲಿ ಇದೂ ಒಂದು ಎಂದು ನಾನೇನೂ ಹಟ ಹಿಡಿಯುವುದಿಲ್ಲ.

ಇವತ್ತು ಐದೂವರೆಗೆ ಎದ್ದು ಏರಿ ಮೇಲೆ ಕೂತು ಬಣ್ಣದಲ್ಲಿ ಬರೆದೆ. ಮುಂದೆ ಏರಿಯ ಕಲ್ಲು, ಬಟ್ಟೆ ಒಗೆಯುವ ಚಪ್ಪಡಿ. ಕೆರೆಯೊಳಗೆ ತೂಬಿನ ಎರಡು ಕಲ್ಲು ಕಂಬ. ನೀರು ಅರ್ಧ ಇದೆ. ಆಚೆ ದಡದಲ್ಲಿ ನೀಲಗಿರಿ ತೋಪು, ಒಂದು ಕರೆಂಟ್ ಕಂಬ. ಬೆಟ್ಟ ಮೇಲುಗಡೆ ಮೂಲೆಯಲ್ಲಿ, ಅರ್ಧ ಕಾಗದದಿಂದ ಆಚೆ ಹೋಗಿದೆ. ಗುಡಿ ಕಾಣುವುದೇ ಇಲ್ಲ. ಫೋಟೋ ಹಾಕಿದ್ದೇನೆ.

ಸಂಜೆ ಅವ್ವನ ಮುಂದೆ ಹಿಡಿದೆ, ಏನೂ ಹೇಳಲಿಲ್ಲ. ಕನ್ನಡಕ ತರಲು ಎದ್ದು ಹೋದಳು. ಬಂದು ತುಂಬ ಹೊತ್ತು ನೋಡಿದಳು. ಆಮೇಲೆ ಚಪ್ಪಡಿಯ ಮೇಲೆ ಬೆರಳಿಟ್ಟು, "ಇಲ್ಲೇ ಅಲ್ವಾ ನಿಮ್ಮಕ್ಕ ಜಾರಿಬಿದ್ದಿದ್ದು" ಅಂದಳು. ನೀರುಗಂಟಿ ಮುದುಕ ತೂಬು ಎತ್ತಲು ನೀರಿಗಿಳಿಯುತ್ತಿದ್ದದ್ದು, ಕೋಡಿ ಹೋದ ವರ್ಷ ಊರೆಲ್ಲ ಸೇರಿ ಗಂಗಮ್ಮನಿಗೆ ಪೂಜೆ ಮಾಡಿದ್ದು, ಒಂದೊಂದೇ ಹೇಳುತ್ತ ಹೋದಳು. ಹಾಲು ಹಾಕಲು ಬಂದವರೂ ನಿಂತರು. ಕೊನೆಗೆ ಚಿತ್ರ ವಾಪಸ್ ಕೊಡುತ್ತ, "ತೂಬಿನ ಎಡಗಲ್ಲು ವಾಲೈತೆ ಕಣಪ್ಪ, ನೀನು ನೆಟ್ಟಗೆ ನಿಲ್ಲಿಸಿದೀಯ" ಅಂದಳು.

ಟಾರ್ಚ್ ತೆಗೆದುಕೊಂಡು ಹೋಗಿ ನೋಡಿ ಬಂದೆ. ನಿಜ, ವಾಲಿದೆ. ಮೇಷ್ಟ್ರೇ, ಒಣಗಿದ ಜಲವರ್ಣದಲ್ಲಿ ಒಂದು ಕಂಬವನ್ನಷ್ಟೇ ಎತ್ತಿ ತೆಗೆಯಬಹುದಾ, ಇಲ್ಲಾ ಪೂರ್ತಿ ಮತ್ತೆ ಬರೆಯಬೇಕಾ?

ತಪ್ಪಲಿನ ಡ್ರಾಯಿಂಗ್ ಮೇಷ್ಟ್ರು · ಸೋಮವಾರ, ಬೆಳಗ್ಗೆ 6.05

ಒದ್ದೆ ಕುಂಚದಲ್ಲಿ ಮೆಲ್ಲಗೆ ನೆನೆಸಿ, ಹತ್ತಿ ಬಟ್ಟೆಯಲ್ಲಿ ಒತ್ತಿ ತೆಗೆಯಿರಿ. ತಿಕ್ಕಬೇಡಿ, ಕಾಗದ ಏಳುತ್ತದೆ. ಅಲ್ಟ್ರಾಮರೀನ್ ಮುಕ್ಕಾಲು ಬರುತ್ತದೆ. ಆದರೆ ನಾನಾಗಿದ್ದರೆ ಮತ್ತೆ ಹೋಗಿ ಕೂರುತ್ತಿದ್ದೆ. ಈ ಸಲ ಅವ್ವನನ್ನೂ ಕರೆದುಕೊಂಡು ಹೋಗಿ, ಒಂದು ಕುರ್ಚಿ ಇರಲಿ.